ನೀರಕ್ಕನ ಬುಟ್ಟಿ

ಒಬ್ಬ ಹೆಂಗಸು ಊರಿನ ಫೋನುಗಳನ್ನೆಲ್ಲ ಬುಟ್ಟಿಯಲ್ಲಿ ಹೊತ್ತು ದಿನಾ ಗುಡ್ಡ ಹತ್ತಿದಳು. ವರ್ಷಗಟ್ಟಲೆ ಹತ್ತಿದಳು. ಒಂದನ್ನೂ ತೆರೆದು ನೋಡಲಿಲ್ಲ. ಒಬ್ಬರ ಮನೆಯ ಮಾತನ್ನು ಇನ್ನೊಬ್ಬರ ಮನೆಗೆ ಹಾಕಲಿಲ್ಲ. ಅವಳ ಬಗ್ಗೆ ಹೇಳುವುದಕ್ಕೆ ಇಷ್ಟೇ ಸಾಕು. ಆದರೆ ಇನ್ನೊಂದು ಕಾರಣವೂ ಇದೆ. ಒಂದು ಸಲ ಅವಳು, ಇದನ್ನು ನಾನು ಇನ್ನು ಹೊರುವುದಿಲ್ಲ ಅಂದಳು. ಅದು ಗುಡ್ಡ ಹತ್ತುವುದಕ್ಕಿಂತ ಕಷ್ಟದ ಕೆಲಸ. ನಾನು ಪಕ್ಕದಲ್ಲಿದ್ದು ನೋಡಿದವನು. ಅದಕ್ಕೇ ಬರೆಯುತ್ತಿದ್ದೇನೆ. ನಾನು ಮರಗೆಲಸದವನು, ಓದಿದ್ದು ಕಡಿಮೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮದು ಗುಡ್ಡಗಳ ನಡುವಿನ ಊರು. ಇರುವುದು ಒಂದೇ ಬೀದಿ. ಬೀದಿಯ ಈ ತುದಿಗೆ ಹಾಸುಗಲ್ಲಿನ ಗಣಿ, ಆ ತುದಿಗೆ ಶಾಲೆ, ನಡುವೆ ನರ್ಸಮ್ಮನ ಎರಡು ಕೋಣೆಯ ಆಸ್ಪತ್ರೆ. ಪೇಟೆಗೆ ಹೋಗಬೇಕಾದರೆ ಕಲ್ಲಿನ ಲಾರಿ ಹತ್ತಬೇಕು. ಫೋನು ಎಲ್ಲರ ಹತ್ತಿರವೂ ಇತ್ತು, ಸಿಗ್ನಲ್ ಮಾತ್ರ ಇರಲಿಲ್ಲ. ಮೊದಮೊದಲು ಫೋನು ಅಂದರೆ ನಮಗೆ ಟಾರ್ಚು, ಗಡಿಯಾರ, ನಾಲ್ಕು ಹಾಡು. ಅಷ್ಟೇ.

ಸಿಗ್ನಲ್ ಸಿಗುತ್ತಿದ್ದುದು ಗುಡ್ಡದ ನೆತ್ತಿಯಲ್ಲಿ, ನೀರಿನ ತೊಟ್ಟಿಯ ಹತ್ತಿರ ಮಾತ್ರ. ಊರಿಗೆ ನೀರು ಬರುವುದು ಆ ತೊಟ್ಟಿಯಿಂದ. ಮೊದಲು ಅಲ್ಲಿ ನೀರು ಬಿಡುವ ಕೆಲಸ ಅವಳ ಗಂಡನದಾಗಿತ್ತು. ಅವನ ಮಂಡಿ ಹೋದ ಮೇಲೆ ಕೆಲಸ ಅವಳಿಗೆ ಬಂತು. ಹಾಗಾಗಿ ನೀರಕ್ಕ. ಅವಳಿಗೆ ಬೇರೆ ಹೆಸರಿತ್ತು, ಆದರೆ ಅವಳ ಗಂಡನೂ ಅವಳನ್ನು ನೀರಕ್ಕ ಅಂತಲೇ ಕರೆಯುತ್ತಾನೆ.

ಬೆಳಿಗ್ಗೆ ಮೇಲೆ ಹೋಗಿ ಮೊದಲು ಜರಡಿಗೆ ಸಿಕ್ಕಿದ ಎಲೆ, ಕಡ್ಡಿ, ಸತ್ತ ಹುಳ ಎಲ್ಲ ತೆಗೆಯಬೇಕು. ತಂತಿ ಬ್ರಷ್ಷಿನಲ್ಲಿ ಜರಡಿ ಉಜ್ಜಬೇಕು. ಗುರುತು ಹಾಕಿದ ಕೋಲು ಇಳಿಸಿ ನೀರು ಎಷ್ಟಿದೆ ನೋಡಬೇಕು. ಆಮೇಲೆ ಕಬ್ಬಿಣದ ಚಕ್ರದ ಸಂದಿಗೆ ಸಲಾಕೆ ತೂರಿಸಿ, ಎದೆ ಕೊಟ್ಟು ತಿರುಗಿಸಬೇಕು. ಪೈಪು ಮುದುಕನ ಹಾಗೆ ಕೆಮ್ಮುತ್ತದೆ, ಆಮೇಲೆ ನೀರು ಇಳಿಯುತ್ತದೆ. ಕೋಲಿನ ಕೆಳಗಿನ ಗುರುತಿನವರೆಗೆ ನೀರು ಇಳಿಯುವ ತನಕ ಅಲ್ಲೇ ಕೂರಬೇಕು. ಆಮೇಲೆ ಚಕ್ರ ಮುಚ್ಚಿ ಇಳಿದು ಬರಬೇಕು. ಎಷ್ಟು ಹುಷಾರಿಲ್ಲದಿದ್ದರೂ ಅವಳು ಆ ಚಕ್ರ ಮುಚ್ಚುವುದನ್ನು ಮರೆತವಳಲ್ಲ.

ಹೇಗಿದ್ದರೂ ಮೇಲೆ ಕೂತೇ ಇರುತ್ತಾಳಲ್ಲ ಅಂತ ಮೊದಲು ನರ್ಸಮ್ಮ ಫೋನು ಕೊಟ್ಟಳು. ಒಬ್ಬನ ಕಾಲಿನ ಗಾಯದ ಫೋಟೋ ದೊಡ್ಡ ಡಾಕ್ಟರಿಗೆ ಹೋಗಬೇಕಿತ್ತು. ಫೋನನ್ನು ತೊಟ್ಟಿಯ ಗೋಡೆ ಮೇಲೆ ಇಟ್ಟರೆ ಸಾಕು, ತಾನಾಗಿ ಹೋಗುತ್ತದೆ ಅಂದಳು. ಹೋಯಿತು. ಉತ್ತರವೂ ಬಂತು. ಗಾಯ ವಾಸಿಯಾಯಿತು. ಮಾರನೆಯ ದಿನದಿಂದ ನೀರಕ್ಕನ ಜಗುಲಿಯಲ್ಲಿ ಜನವೋ ಜನ.

ಬುಟ್ಟಿಯೊಳಗೆ ಫೋನಿಗೆ ಫೋನು ತಾಗದ ಹಾಗೆ ತೆಳು ಹಲಗೆಯ ಗೂಡು ಮಾಡಿಕೊಟ್ಟವನು ನಾನು. ಒಂದೊಂದು ಫೋನಿಗೂ ಬಟ್ಟೆಯ ಚೀಲ ಹೊಲಿದುಕೊಟ್ಟವಳು ಹೊಲಿಗೆ ಅಕ್ಕ. ಕಿಟಕಿ ಪಕ್ಕ ಮಿಷನ್ ಇಟ್ಟುಕೊಂಡು ಊರಿನ ಬಟ್ಟೆಯೆಲ್ಲ ಹೊಲಿಯುತ್ತಿದ್ದವಳು, ನೀರಕ್ಕನ ಗೆಳತಿ. ಮಿಕ್ಕ ತುಂಡು ಬಟ್ಟೆಯಲ್ಲಿ ಒಂದೊಂದು ಮನೆಗೆ ಒಂದೊಂದು ಬಣ್ಣದ ಚೀಲ. ಮೇಷ್ಟರಿಗೆ ಪರದೆ ಬಟ್ಟೆ. ಗಣಿಯಲ್ಲಿ ಕಲ್ಲು ಸೀಳುವ ತನ್ನ ಗಂಡನಿಗೆ ದೂಳು ತಡೆಯಲಿ ಅಂತ ಗೋಣಿಯಂಥ ಒರಟು ಬಟ್ಟೆ. ತನಗೆ ನೀಲಿ, ಅದರಲ್ಲಿ ಸಣ್ಣ ಬಿಳಿ ಹೂವು. ಚೀಲ ನೋಡಿದರೆ ಯಾರದೆಂದು ಗೊತ್ತಾಗುತ್ತಿತ್ತು. ಫೋನಿನ ಮುಖ ನೋಡುವ ಅಗತ್ಯವೇ ಇರಲಿಲ್ಲ.

"ನೀರಕ್ಕಾ, ನಂದು ಮೇಲ್ಗಡೆ ಇಡು, ಸಿಗ್ನಲ್ ಚೆನ್ನಾಗಿ ಸಿಗುತ್ತೆ" ಅನ್ನುತ್ತಿದ್ದರು ಮೇಷ್ಟರು.

"ಸಿಗ್ನಲ್ ಏನು ಬಿಸಿಲಾ ಮೇಷ್ಟ್ರೇ, ಮೇಲಿದ್ದೋರ ಮೇಲೆ ಮೊದಲು ಬೀಳೋಕೆ? ಸುಮ್ನೆ ಕೊಡಿ."

ಗಂಡ ಜಗುಲಿಯ ಕುರ್ಚಿಯಲ್ಲಿ ಕೂತು ಅಣಕಿಸುತ್ತಿದ್ದ. "ಊರಿನ ಮಾತೆಲ್ಲ ತಲೆ ಮೇಲೆ ಹೊರ್ತಾಳೆ, ಮನೇಲಿ ಬಾಯಿ ಬಿಡಲ್ಲ. ನಾನೂ ಒಂದು ಫೋನ್ ತಗೊಂಡು ಆ ಬುಟ್ಟಿಗೆ ಹಾಕ್ತೀನಿ. ಆಗಾದ್ರೂ ನನ್ನ ಮಾತು ಕೇಳ್ತಾಳೇನೋ."

"ನಾನು ಯಾರ ಮಾತೂ ಕೇಳಲ್ಲ ಮಾರಾಯ. ಹೊರ್ತೀನಿ ಅಷ್ಟೆ."

ಹೀಗೆ ನಮ್ಮೂರಿನಲ್ಲಿ ಮಾತಾಡುವ ಒಂದು ರೀತಿಯೇ ಹುಟ್ಟಿಕೊಂಡಿತು. ಸಂಜೆ ಮನೆಯಲ್ಲಿ ಕೂತು ಫೋನಿಗೆ ಮಾತು ತುಂಬುವುದು. ಬೆಳಿಗ್ಗೆ ಅದು ಗುಡ್ಡ ಹತ್ತಿ ಹೋಗುವುದು. ಅಲ್ಲಿಂದ ಬಂದ ಮಾತು ಮಧ್ಯಾಹ್ನ ಬುಟ್ಟಿಯಲ್ಲಿ ಇಳಿಯುವುದು. ಒಂದು ಪ್ರಶ್ನೆಗೆ ಒಂದು ದಿನ. ಅದಕ್ಕೆ ಎಲ್ಲವನ್ನೂ ಒಂದೇ ಉಸಿರಿಗೆ ಕೇಳುತ್ತಿದ್ದರು: ಜ್ವರ ಬಿಟ್ಟಿತಾ, ಬಿಡದಿದ್ದರೆ ಡಾಕ್ಟರಿಗೆ ತೋರಿಸಿದೆಯಾ, ತೋರಿಸಿದ್ದರೆ ಏನಂದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನಮ್ಮೂರಿನಲ್ಲಿ ಆಡಿದ ಮಾತು ಬೆಳಗಾಗುವವರೆಗೆ ಮನೆಯಲ್ಲೇ ಇರುತ್ತಿತ್ತು. ಸಿಟ್ಟಿನಲ್ಲಿ ಆಡಿದ್ದನ್ನು ಬೆಳಿಗ್ಗೆ ಅಳಿಸಿ, ಮುಖ ತೊಳೆದುಕೊಂಡು ಬಂದು ಫೋನು ಕೊಟ್ಟವರನ್ನು ನಾನೇ ನೋಡಿದ್ದೇನೆ. ಪೇಟೆಯಲ್ಲಿ ಉಳಿದಿದ್ದ ಲಾರಿ ಓಡಿಸುವವನೂ ಊರಲ್ಲಿದ್ದ ಅವನ ಹೆಂಡತಿಯೂ ಒಂದು ಸಲ ಬುಟ್ಟಿಯಲ್ಲೇ ಜಗಳವಾಡಿದರು. ದಿನಕ್ಕೆ ಒಂದು ಏಟು ಈ ಕಡೆಯಿಂದ, ಒಂದು ಆ ಕಡೆಯಿಂದ. ವಾರ ಕಳೆಯುವ ಹೊತ್ತಿಗೆ ಜಗಳ ಯಾತಕ್ಕೆ ಶುರುವಾಯಿತು ಅಂತ ಇಬ್ಬರಿಗೂ ಮರೆತುಹೋಗಿತ್ತು.

ಮೇಲೆ ಫೋನು ರಿಂಗಾದರೆ ನೀರಕ್ಕ ಎತ್ತುತ್ತಿರಲಿಲ್ಲ. ಮೊದಲು ಒಂದು ಸಲ ಎತ್ತಿದ್ದಳು. ಗಣಿಯವನೊಬ್ಬನ ತಮ್ಮ ಪೇಟೆಯಲ್ಲಿ ಬಿದ್ದು ಪೆಟ್ಟು ಮಾಡಿಕೊಂಡಿದ್ದ. ಆ ಸುದ್ದಿಯನ್ನು ಅವಳೇ ತಂದು ಹೇಳಿದಳು. ಆಮೇಲೆ ಅವಳು ಇಳಿದು ಬರುವ ಹೊತ್ತಿಗೆ ಜನ ಬಾಗಿಲಿಗೆ ಬಂದು ನಿಂತು ಅವಳ ಮುಖ ನೋಡುವುದಕ್ಕೆ ಶುರು ಮಾಡಿದರು. ಇವತ್ತು ಯಾರ ಮನೆಗೋ ಅಂತ.

"ನನ್ನ ಮುಖ ಕಂಡ್ರೆ ಊರು ಹೆದರೋ ಹಾಗೆ ಆಗೋಯ್ತು" ಅಂದಳು ಒಂದು ಸಲ ನನ್ನ ಹತ್ತಿರ. "ಬೇಡಪ್ಪ. ನಾನು ನೀರು ಬಿಡೋಳಾಗೇ ಇರ್ತೀನಿ. ಸುದ್ದಿ ಏನಿದ್ರೂ ಚೀಲದೊಳಗೆ ಇರ್ಲಿ."

ಅವತ್ತಿನಿಂದ ಫೋನುಗಳನ್ನು ಚೀಲದಿಂದ ಹೊರಗೇ ತೆಗೆಯಲಿಲ್ಲ. ಚೀಲದೊಳಗೇ ಅವು ಟಿಣ್ ಟಿಣ್ ಅನ್ನುತ್ತಿದ್ದವು. ಸದ್ದು ನಿಂತ ಮೇಲೆ ಬುಟ್ಟಿ ಎತ್ತುವಳು.

ಇಳಿದು ಬಂದಾಗ ಕೊನೆಗೆ ಕೊಡುತ್ತಿದ್ದುದು ನೀಲಿ ಚೀಲ. ಅದನ್ನು ಕೊಟ್ಟು ಹೊಲಿಗೆ ಅಕ್ಕನ ಕಿಟಕಿಯ ಕಟ್ಟೆ ಮೇಲೆ ಕೂತು ಒಂದು ಲೋಟ ನೀರು ಕುಡಿಯುವಳು. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಮಿಷನ್ ಓಡುತ್ತಿರುತ್ತಿತ್ತು. ಹೊಲಿಗೆ ಅಕ್ಕನಿಗೆ ಒಬ್ಬಳೇ ಮಗಳು, ಮದುವೆಯಾಗಿ ದೂರದ ಊರಿನಲ್ಲಿದ್ದಳು. ಆ ಮಗಳ ದನಿಯನ್ನು ಮಿಷನ್ನಿನ ಹಲಗೆ ಮೇಲಿಟ್ಟುಕೊಂಡು ಕೇಳುತ್ತ ಹೊಲಿಯುವಳು. ಉತ್ತರ ಹೇಳುವಾಗಲೂ ತುಳಿಯುವುದು ನಿಲ್ಲಿಸುತ್ತಿರಲಿಲ್ಲ. "ಮಿಷನ್ ನಿಲ್ಸಿ ಮಾತಾಡೇ, ಏನೂ ಕೇಳ್ಸಲ್ಲ" ಅಂತ ನೀರಕ್ಕ ಬೈದರೆ, "ಅವಳಿಗೆ ಇದೇ ಬೇಕಂತೆ. ಈ ಸದ್ದು ಕೇಳಿದ್ರೆ ಮನೇಲಿ ಇದ್ದಂಗೆ ಇರುತ್ತಂತೆ" ಅನ್ನುವಳು. ಆ ಹುಡುಗಿ ಬೆಳೆದದ್ದೇ ಆ ಮಿಷನ್ನಿನ ಕೆಳಗೆ, ತುಂಡು ಬಟ್ಟೆಗಳ ಮೇಲೆ ಮಲಗಿ.

ಹುಡುಗಿಗೆ ಎರಡು ಸಲ ಬಸಿರು ನಿಂತಿರಲಿಲ್ಲ. ಮೂರನೆಯ ಸಲ ನಿಂತಿತು. ಡಾಕ್ಟರು ಆಸ್ಪತ್ರೆಯಲ್ಲೇ ಮಲಗಿಸಿದರು, ಹಾಸಿಗೆ ಬಿಟ್ಟು ಏಳಬಾರದು, ಮನಸ್ಸಿಗೆ ಏನೂ ಹಚ್ಚಿಕೊಳ್ಳಬಾರದು ಅಂದರು. ಅವಳಿಗೆ ಆಗ ಇದ್ದದ್ದು ಮೇಲಿನ ಛಾವಣಿ ಮತ್ತು ಕೈಯಲ್ಲಿನ ಫೋನು. ದಿನಾ ಬೆಳಿಗ್ಗೆ ಅಮ್ಮನ ಫೋನು ಗುಡ್ಡ ಹತ್ತಿದ ಮೇಲೆ, ತಾನು ಕಳಿಸಿದ ಮಾತಿನ ಪಕ್ಕ ಒಂದು ಗೀಟು ಇದ್ದದ್ದು ಎರಡು ಗೀಟಾಗುವುದನ್ನು ಕಾಯುತ್ತ ಮಲಗಿರುತ್ತಿದ್ದಳಂತೆ. ಎರಡು ಗೀಟು ಬಿದ್ದರೆ ಅಮ್ಮನಿಗೆ ಮುಟ್ಟಿತು ಅಂತ. ಅದು ನೀಲಿಯಾದರೆ ಅಮ್ಮ ಕೇಳಿದಳು ಅಂತ.

ಹಾಗಿರುವಾಗ ಒಂದು ಮಧ್ಯಾಹ್ನ ಹೊಲಿಗೆ ಅಕ್ಕ ಮಿಷನ್ ಮೇಲೆ ತಲೆ ಇಟ್ಟವಳು ಎತ್ತಲಿಲ್ಲ. ನರ್ಸಮ್ಮ ಓಡಿ ಬಂದಳು. ಗಾಡಿ ಕರೆಸಬೇಕಾದರೆ ಸಿಗ್ನಲ್ ಬೇಕು. ಆಗಷ್ಟೇ ಗುಡ್ಡ ಇಳಿದು ಬಂದ ನೀರಕ್ಕ ನರ್ಸಮ್ಮನ ಫೋನು ಹಿಡಿದು ಮತ್ತೆ ಹತ್ತಿದಳು. ಓಡುತ್ತಲೇ ಹತ್ತಿದಳು. ಗಾಡಿ ಬಂತು. ಆದರೆ ಅಷ್ಟು ಹೊತ್ತಿಗೆ ಎಲ್ಲ ಮುಗಿದಿತ್ತು.

ಹೊಲಿಗೆ ಅಕ್ಕನ ಗಂಡನನ್ನು ನಾವು ಕಲ್ಲಣ್ಣ ಅನ್ನುತ್ತೇವೆ. ಗಣಿಯಲ್ಲಿ ಹಾಸುಗಲ್ಲು ಸೀಳುವುದರಲ್ಲಿ ಅವನಷ್ಟು ನಯದ ಕೈ ಇನ್ನೊಂದಿಲ್ಲ. ದೂಳು ಕುಡಿದು ಕುಡಿದು ಎದೆ ಕೆಟ್ಟಿತ್ತು. ನಾಲ್ಕು ಹೆಜ್ಜೆ ಏರು ಬಂದರೂ ಸಿಳ್ಳೆ ಹೊಡೆದ ಹಾಗೆ ಉಸಿರಾಡುವವನು. ಅವನು ಗುಡ್ಡದ ಕಡೆ ಮುಖ ಹಾಕಿ ಎಷ್ಟೋ ಕಾಲವಾಗಿತ್ತು.

ಮಣ್ಣು ಮಾಡಿ ಬಂದ ಸಂಜೆ ಅವನು ನೀರಕ್ಕನ ಜಗುಲಿಗೆ ಬಂದ. ಕೈಯಲ್ಲಿ ನೀಲಿ ಚೀಲ.

"ಅಳಿಯನಿಗೆ ತಿಳ್ಸಿದೀನಿ. ಅವನೂ ಅದೇ ಅಂತಾನೆ, ಡಾಕ್ಟ್ರೂ ಅದೇ ಅಂತಾರಂತೆ. ಹೆರಿಗೆ ಆಗೋವರೆಗೂ ಅವಳಿಗೆ ಗೊತ್ತಾಗ್ಬಾರ್ದು."

ನೀರಕ್ಕನ ಕಡೆ ಚೀಲ ಚಾಚಿದ.

"ಇದನ್ನೂ ದಿನಾ ತಗೊಂಡು ಹೋಗು. ಎರಡು ಗೀಟು ಬೀಳ್ಲಿ. ಅಷ್ಟೇ ಸಾಕು."

"ಮಾತು ಬರ್ದಿದ್ರೆ ಅವಳು ಕೇಳಲ್ವಾ?"

"ಗಂಟಲು ಕಟ್ಟಿದೆ ಅಂತ ನನ್ನ ಫೋನಲ್ಲಿ ಹೇಳ್ತೀನಿ. ಎರಡು ಸಲ ಕಳ್ಕೊಂಡಿದಾಳೆ, ನೀರಕ್ಕ. ಕೈ ಮುಗೀತೀನಿ."

ಅವಳು ಚೀಲ ತೆಗೆದುಕೊಂಡಳು. ಬಸುರಿ ಹೆಂಗಸಿನ ವಿಷಯ. ಯಾರು ತಾನೇ ಆಗುವುದಿಲ್ಲ ಅಂತಾರೆ?

ಹೀಗೆ ಸತ್ತವಳ ಫೋನು ಗುಡ್ಡ ಹತ್ತತೊಡಗಿತು. ಬೆಳಿಗ್ಗೆ ಎರಡು ಗೀಟು. ಸಂಜೆ ಕಲ್ಲಣ್ಣ ಬಾಗಿಲು ಹಾಕಿಕೊಂಡು ಮಗಳ ದನಿ ಕೇಳುವನು. ಕೇಳಿದರೆ ತಾನೇ ಗೀಟು ನೀಲಿಯಾಗುವುದು? ಮಗಳು ಅಮ್ಮನಿಗೆ ಅಂತ ಆಡಿದ ಮಾತು ಅದು. ಅಪ್ಪನಿಗೆ ಹೇಳುವಂಥದ್ದಲ್ಲ. ಹೊಟ್ಟೆಯೊಳಗೆ ಹೇಗೆ ಒದೆಯುತ್ತದೆ, ರಾತ್ರಿ ಹೇಗೆ ಭಯವಾಗುತ್ತದೆ, ಗಂಡನ ಮುಂದೆ ಹೇಗೆ ನಗುತ್ತ ಇರಬೇಕಾಗುತ್ತದೆ. "ಅಪ್ಪಂಗೆ ಹೇಳ್ಬೇಡಮ್ಮ, ಪಾಪ ಹೆದರ್ಕೊಳುತ್ತೆ" ಅಂತ ಒಂದು ಮಾತಿತ್ತಂತೆ. ಅದನ್ನು ನನಗೆ ಹೇಳುವಾಗ ಕಲ್ಲಣ್ಣ ಕಲ್ಲಿನ ಕಡೆ ನೋಡುತ್ತಿದ್ದ.

ಊರೆಲ್ಲ ಬಾಯಿಗೆ ಬೀಗ ಹಾಕಿಕೊಂಡಿತು. ಯಾರೂ ಹುಡುಗಿಗೆ ಒಂದಕ್ಷರ ಕಳಿಸಲಿಲ್ಲ. ಅದು ನಮಗೆ ಸುಳ್ಳು ಅನ್ನಿಸಲಿಲ್ಲ, ಪುಣ್ಯದ ಕೆಲಸ ಅನ್ನಿಸಿತು.

ಕೆಲವು ದಿನ ಕಳೆದ ಮೇಲೆ ಹುಡುಗಿ ಕೇಳಿದಳು: "ಅಮ್ಮಾ, ಗಂಟಲು ನೋಯ್ತಿದ್ರೆ ಮಾತಾಡ್ಬೇಡ. ಮಿಷನ್ ಸದ್ದಾದ್ರೂ ಕಳ್ಸು. ಅದನ್ನ ಕೇಳ್ಕೊಂಡು ಮಲಗ್ತೀನಿ."

ಅವತ್ತು ಸಂಜೆ ನೀರಕ್ಕ ಬೀದಿಯಲ್ಲಿ ಬರುತ್ತಿದ್ದಳು. ಹೊಲಿಗೆ ಅಕ್ಕನ ಕಿಟಕಿಯಿಂದ ಮಿಷನ್ ಸದ್ದು ಕೇಳಿಸಿತು. ಕಾಲು ತಾನಾಗಿ ಆ ಕಡೆ ಹೋಯಿತು, ನೀರು ಕುಡಿಯಲು ಹೋದ ಹಾಗೆ. ನೋಡಿದರೆ ಒಳಗೆ ಕಲ್ಲಣ್ಣ. ಹೆಂಡತಿಯ ಸ್ಟೂಲಿನ ಮೇಲೆ ಕೂತು, ಗಣಿಯ ದೂಳಿನ ಕಾಲನ್ನು ಮಿಷನ್ನಿನ ಪೆಡಲ್ ಮೇಲಿಟ್ಟು ತುಳಿಯುತ್ತಿದ್ದಾನೆ. ಸೂಜಿಯ ಕೆಳಗೆ ಬಟ್ಟೆಯೇ ಇಲ್ಲ. ದಾರ ಗಂಟು ಗಂಟಾಗಿ ಸುತ್ತಿಕೊಂಡಿದೆ. ಪಕ್ಕದಲ್ಲಿ ಫೋನು. ಅವನು ಅಳುತ್ತಿರಲಿಲ್ಲ. ತಪ್ಪದ ಹಾಗೆ ತುಳಿಯಬೇಕಲ್ಲ ಅಂತ ಹಲ್ಲು ಕಚ್ಚಿ ಕಾಲನ್ನೇ ನೋಡುತ್ತಿದ್ದ.

ನೀರಕ್ಕ ಕೂಗದೆ ಹೊರಟು ಬಂದಳು. ಮಾರನೆಯ ಬೆಳಿಗ್ಗೆ ಆ ಸದ್ದನ್ನೂ ಹೊತ್ತು ಹತ್ತಿದಳು.

"ಅದೊಂದು ದಿನ ಬುಟ್ಟಿ ಭಾರ ಅನ್ನಿಸ್ತು ನಂಗೆ" ಅಂದಳು ಆಮೇಲೆ. ಅವಳು ಹಾಗೆಲ್ಲ ಹೇಳಿಕೊಳ್ಳುವವಳಲ್ಲ.

ಅದರ ಮಾರನೆಯ ದಿನ ಮೇಲೆ ನೀಲಿ ಚೀಲ ರಿಂಗಾಯಿತು. ಅಷ್ಟು ಹೊತ್ತಿಗೆ ನಮ್ಮೂರಿಗೆ ರಿಂಗು ಮಾಡುವುದನ್ನು ಎಲ್ಲರೂ ಬಿಟ್ಟಿದ್ದರು. ಫೋನು ಮೇಲಿದ್ದಾಗ ಮನುಷ್ಯ ಕೆಳಗಿರುತ್ತಾನೆ ಅಂತ ಎಲ್ಲರಿಗೂ ಗೊತ್ತು. ಆ ಹುಡುಗಿಗೆ ಇನ್ನೂ ಚೆನ್ನಾಗಿ ಗೊತ್ತು. ಆದರೂ ಮಾಡುತ್ತಿದ್ದಾಳೆ ಅಂದರೆ ಅವಳಿಗೆ ಬೇಕಾದ್ದು ಅಮ್ಮ ಅಲ್ಲ. ಪಕ್ಕದಲ್ಲಿ ಕೂತ ನೀರಕ್ಕ. ಇದು ನೀರಕ್ಕನಿಗೆ ತಕ್ಷಣ ಹೊಳೆಯಿತು. ರಿಂಗು ನಿಂತಿತು. ಮತ್ತೆ ಬಂತು. ನಿಂತಿತು. ಮತ್ತೆ. ಅವಳು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದಳಂತೆ.

ಇಳಿದವಳು ನೇರವಾಗಿ ಗಣಿಗೆ ಬಂದಳು. ನಾನು ಅಲ್ಲೇ ಸುತ್ತಿಗೆಗಳಿಗೆ ಹಿಡಿ ಹಾಕುತ್ತಿದ್ದೆ. ಕಲ್ಲಣ್ಣ ಕಲ್ಲಿನ ಮುಂದೆ ಕೂತಿದ್ದ.

"ಅವಳು ರಿಂಗು ಮಾಡ್ತಿದಾಳೆ."

"ಎತ್ತಿದ್ಯಾ?" ಉಳಿ ಕೈಯಿಂದ ಜಾರಿತು.

"ಎತ್ಲಿಲ್ಲ. ಅವಳಿಗೆ ಗೊತ್ತಾಗಿದೆ ಕಣೋ."

"ಗೊತ್ತಾಗೋಕೆ ಹೇಗೆ ಸಾಧ್ಯ? ಮಿಷನ್ ಸದ್ದೂ ಕಳ್ಸಿದೀನಿ."

"ಅದರಿಂದಾನೇ."

ಕಲ್ಲಣ್ಣ ಬಿದ್ದ ಉಳಿ ಎತ್ತಿಕೊಂಡ. ಉಸಿರು ಸಿಳ್ಳೆ ಹಾಕುತ್ತಿತ್ತು.

"ಎತ್ಬೇಡ" ಅಂದ. "ಇನ್ನು ಸ್ವಲ್ಪ ದಿನ. ರಿಂಗಾದ್ರೆ ಆಗ್ಲಿ. ಗೀಟು ಬಿದ್ರೆ ಸಾಕು."

"ಇಲ್ಲ. ನಾನು ಇನ್ನು ಅದನ್ನ ಹೊರಲ್ಲ."

"ನೀರಕ್ಕ..."

"ಕೇಳು. ಸುಳ್ಳಿಗೆ ತಾನಾಗಿ ಗುಡ್ಡ ಹತ್ತೋಕೆ ಬರಲ್ಲ. ನನ್ನ ಕಾಲಲ್ಲಿ ಹತ್ತಿಸ್ದೆ. ಅವಳು ಅಲ್ಲಿ ಒಬ್ಬಳೇ ಮಲಗಿ, ಹೌದೋ ಅಲ್ವೋ ಹೌದೋ ಅಲ್ವೋ ಅಂತ ಒದ್ದಾಡ್ತಿದಾಳೆ. ಬಸುರಿಗೆ ಅದು ಒಳ್ಳೇದಾ?"

"ಮಗು ಹೋದ್ರೆ?" ಅಂದ ಕಲ್ಲಣ್ಣ. "ನಾನು ಹೇಳಿ, ಮಗು ಹೋದ್ರೆ? ಆಮೇಲೆ ಅವಳೂ ನಾನೂ ಮುಖ ನೋಡ್ಕೊಳೋದು ಹೇಗೆ?"

ಮೂವರೂ ನರ್ಸಮ್ಮನ ಹತ್ತಿರ ಹೋದೆವು. ನರ್ಸಮ್ಮ ಎಲ್ಲ ಕೇಳಿ, ಕೈ ತೊಳೆದುಕೊಂಡು ಬಂದು ಕೂತಳು.

"ಏನಾಗುತ್ತೆ ಅಂತ ನಾನು ಹೇಳೋಕಾಗಲ್ಲ. ಯಾರೂ ಹೇಳೋಕಾಗಲ್ಲ. ಆದ್ರೆ ಅನುಮಾನ ಬಂದ್ಮೇಲೆ ಮುಚ್ಚಿಡೋದ್ರಲ್ಲಿ ಏನಿದೆ? ಒಬ್ಬಳೇ ಇರುವಾಗ ಗೊತ್ತಾಗ್ಬಾರ್ದು, ಅಷ್ಟೆ. ಗಂಡ ಪಕ್ಕದಲ್ಲಿರ್ಲಿ. ಅಲ್ಲಿನ ಡಾಕ್ಟ್ರಿಗೂ ಮೊದಲೇ ಹೇಳಿರ್ಲಿ."

ನೀರಕ್ಕ ಎದ್ದು ಕಲ್ಲಣ್ಣನ ಕಡೆ ತಿರುಗಿದಳು. "ನಾಳೆ ನಿನ್ನ ಫೋನು ಒಯ್ತೀನಿ. ಅಳಿಯನಿಗೆ ಹೇಳ್ಬೇಕಾದ್ದು ಹೇಳಿ ಕೊಡು. ನೀಲಿ ಚೀಲ ನಾನು ಮುಟ್ಟಲ್ಲ. ನಾಡಿದ್ದು ಅದನ್ನ ನೀನೇ ತಗೊಂಡು ಬಾ ಮೇಲೆ."

"ನನ್ನ ಕೈಲಿ ಗುಡ್ಡ ಹತ್ತೋಕಾಗುತ್ತಾ?"

"ಕೂತು ಕೂತು ಹತ್ತು."

ಮಾರನೆಯ ದಿನ ಬುಟ್ಟಿಯಲ್ಲಿ ನೀಲಿ ಚೀಲ ಇರಲಿಲ್ಲ. ಅಳಿಯನ ಉತ್ತರ ಮಧ್ಯಾಹ್ನ ಬಂತು. ಅವತ್ತು ಬೆಳಿಗ್ಗೆಯಿಂದ ಒಂದೇ ಗೀಟು ಇದೆಯಂತೆ, ಹುಡುಗಿ ಊಟ ಮುಟ್ಟಿಲ್ಲವಂತೆ, ನಾಳೆ ತಾನು ಪಕ್ಕದಲ್ಲೇ ಇರುತ್ತೇನೆ, ಡಾಕ್ಟರಿಗೆ ಹೇಳಿದ್ದೇನೆ ಅಂತ.

ಅದರ ಮರುದಿನ ಬೆಳಿಗ್ಗೆ ನಾವು ಮೂವರೂ ಹೊರಟೆವು. ಮುಂದೆ ನೀರಕ್ಕ ಬುಟ್ಟಿ ಹೊತ್ತು. ಹಿಂದೆ ಕಲ್ಲಣ್ಣ, ಅಂಗಿಯೊಳಗೆ ನೀಲಿ ಚೀಲ. ಅವನ ಬೆನ್ನಿಗೆ ಕೈ ಕೊಡಲು ನಾನು. ನೀರಕ್ಕ ತನ್ನ ನಡಿಗೆ ನಿಧಾನ ಮಾಡಲಿಲ್ಲ, ಊರಿಗೆ ನೀರು ಬೇಕಲ್ಲ. ಆದರೆ ತಿರುವು ತಿರುವಿಗೂ ನಿಂತು ಹಿಂದೆ ನೋಡುವಳು. ಕಲ್ಲಣ್ಣ ಸ್ವಲ್ಪ ಹತ್ತುವನು, ಕೂರುವನು. ಒಂದು ಕಡೆ ಕೂತವನು, "ನೀವು ಹೋಗಿ, ನಾನು ಇಲ್ಲೇ ಸತ್ತು ಅವಳ ಅಮ್ಮನ ಜೊತೆ ಲೆಕ್ಕ ಚುಕ್ತಾ ಮಾಡ್ಕೋತೀನಿ" ಅಂದ.

"ಮೊದಲು ಮಗಳ ಜೊತೆ ಚುಕ್ತಾ ಮಾಡು. ಏಳು" ಅಂದಳು ನೀರಕ್ಕ ಮೇಲಿನಿಂದ.

ಅವನು ನೆತ್ತಿ ತಲುಪಿದಾಗ ನೀರು ಆಗಲೇ ಇಳಿಯುತ್ತಿತ್ತು. ತೊಟ್ಟಿಯ ಗೋಡೆಗೆ ಒರಗಿ ಕೂತ. ಚೀಲದ ದಾರ ನಾನು ಬಿಚ್ಚಿದೆ. ಫೋನು ಒಂದಾದ ಮೇಲೊಂದು ಟಿಣ್ ಅಂದಿತು, ಎರಡು ದಿನ ಕಾದಿದ್ದ ಮಾತೆಲ್ಲ. ಅದು ನಿಲ್ಲುವ ಮೊದಲೇ ರಿಂಗಾಯಿತು.

ಕಲ್ಲಣ್ಣ ಅದನ್ನು ಬಿಸಿ ಕೆಂಡದ ಹಾಗೆ ಹಿಡಿದಿದ್ದ. ನೀರಕ್ಕನ ಕಡೆ ನೋಡಿದ. ಅವಳು ಅಲುಗಲಿಲ್ಲ. ಕೊನೆಗೆ ಅವನೇ ಒತ್ತಿದ. ಸಂಜೆ ಎಲ್ಲರೂ ಜೋರು ದನಿಗೇ ಇಟ್ಟು ಕೇಳುವುದು ನಮ್ಮ ಕಡೆಯ ರೂಢಿ. ಅವನ ಬೆರಳು ರೂಢಿಯಂತೆ ಅದನ್ನೂ ಒತ್ತಿತು.

"ನೀರಕ್ಕಾ?" ಅಂದಳು ಹುಡುಗಿ.

ಕಲ್ಲಣ್ಣನ ಉಸಿರು ಸಿಳ್ಳೆ ಹಾಕಿತು.

"ಅಪ್ಪಾ?"

"ಹೂಂ ಮಗಳೇ."

"ನೀನು ಮೇಲೆ ಬಂದಿದೀಯಾ?"

"ಬಂದಿದೀನಿ."

"ಅಷ್ಟು ಎತ್ತರ ಹತ್ತಿ ಬಂದ್ಯಾ?"

"ಹೂಂ."

ಪೈಪಿನಲ್ಲಿ ನೀರು ಹೋಗುವುದು ಕೇಳುತ್ತಿತ್ತು.

"ಹಾಗಾದ್ರೆ ಅಮ್ಮ ಇಲ್ಲ" ಅಂದಳು.

ಅವನು ಹೇಳಬೇಕಾದ್ದನ್ನು ಅವಳೇ ಹೇಳಿದಳು. ಅವನು ಫೋನನ್ನು ಎದೆಗೆ ಒತ್ತಿಕೊಂಡು ಅತ್ತ. ಅವಳು ಅಲ್ಲಿ ಅಳುವುದು ಅವನ ಅಂಗಿಯ ಒಳಗಿನಿಂದ ಕೇಳುತ್ತಿತ್ತು. ಅಳಿಯ ಏನೋ ಹೇಳುತ್ತಿದ್ದ. ನಾನು ಎದ್ದು ಆಚೆ ಹೋಗಿ ನಿಂತೆ. ಆದರೂ ಕೇಳಿಸಿತು.

ಎಷ್ಟೋ ಹೊತ್ತಾದ ಮೇಲೆ ಹುಡುಗಿ ಕೇಳಿದಳು. "ಮಿಷನ್ ತುಳಿದಿದ್ದು ನೀನಾ?"

"ನಾನೇ."

"ಗೊತ್ತಾಯ್ತು. ಅಮ್ಮ ಬಟ್ಟೆ ತಿರುಗಿಸೋವಾಗ ನಿಧಾನ ಮಾಡ್ತಾಳೆ. ನೀನು ಕಲ್ಲು ಒಡೆಯೋ ಹಾಗೆ ತುಳಿದಿದೀಯ." ನಕ್ಕಳೋ ಅತ್ತಳೋ ಗೊತ್ತಾಗಲಿಲ್ಲ. "ಸೂಜಿ ಮುರಿದ್ಯಾ?"

"ಇಲ್ಲ ಕಣೇ. ದಾರ ಗಂಟಾಗಿದೆ."

"ಬಿಚ್ಬೇಡ. ನಾನು ಬಂದು ಬಿಚ್ತೀನಿ."

ಆಮೇಲೆ ಅಮ್ಮ ಹೇಗೆ ಹೋದಳು ಅಂತ ಒಂದೊಂದಾಗಿ ಕೇಳಿದಳು. ಅವನು ಒಂದೊಂದಾಗಿ ಹೇಳಿದ. ಗುಡ್ಡದ ಮೇಲೆ ಆಗ ಪ್ರಶ್ನೆಗೆ ಉತ್ತರ ಒಂದು ದಿನ ಕಾಯಬೇಕಾಗಿರಲಿಲ್ಲ. ಕೇಳಿದ ತಕ್ಷಣ ಹೇಳಬೇಕಾಗಿತ್ತು. ನಮಗೆ ಆ ರೂಢಿ ತಪ್ಪಿಹೋಗಿತ್ತು. ಕಲ್ಲಣ್ಣ ತಡವರಿಸುತ್ತಿದ್ದ.

ನೀರಕ್ಕ ಕೋಲು ಇಳಿಸಿ ನೋಡಿದಳು. ನೀರು ಕೆಳಗಿನ ಗುರುತಿಗೆ ಬಂದಿತ್ತು. ಚಕ್ರದ ಹತ್ತಿರ ಹೋದಳು. ಸಲಾಕೆ ತೂರಿಸಿದಳು. ಚಕ್ರ ಮುಚ್ಚಿದರೆ ಇಳಿಯುವ ಹೊತ್ತಾಯಿತು ಅಂತ ಅರ್ಥ. ಅವಳು ಕಲ್ಲಣ್ಣನ ಕಡೆ ನೋಡಿದಳು. ಸಲಾಕೆ ಹೊರಗೆ ಎಳೆದು ಗೋಡೆಗೆ ಒರಗಿಸಿ ಕೂತಳು.

ಅವತ್ತು ಊರಿನ ನಲ್ಲಿಗಳಲ್ಲಿ ಮಧ್ಯಾಹ್ನ ದಾಟಿದರೂ ನೀರು ಬಂತು. ಕೊಡ ತುಂಬಿತು, ಬಕೆಟ್ಟು ತುಂಬಿತು, ಬೀದಿಯಲ್ಲಿ ಹರಿಯಿತು. ಜನ ಹೊರಗೆ ಬಂದು ಗುಡ್ಡದ ಕಡೆ ನೋಡಿದರಂತೆ. "ಚಕ್ರ ಮುಚ್ಚೋದು ಮರೆತಳೇನೋ ಇವಳು" ಅಂತ ಅವಳ ಗಂಡ ಕುರ್ಚಿಯಿಂದ ಎದ್ದನಂತೆ. "ಸುಮ್ನಿರಿ, ಮೇಲೆ ಇನ್ನೂ ಮಾತು ಮುಗಿದಿಲ್ಲ" ಅಂದಳಂತೆ ನರ್ಸಮ್ಮ. ಮಾರನೆಯ ದಿನ ತೊಟ್ಟಿಯಲ್ಲಿ ಅರ್ಧವೂ ನೀರಿರಲಿಲ್ಲ. ಯಾರೂ ತುಟಿ ಬಿಚ್ಚಲಿಲ್ಲ.

ಕೊನೆಗೆ ಹುಡುಗಿ ನೀರಕ್ಕನಿಗೆ ಕೊಡು ಅಂದಳು.

"ನಿಮಗೆ ಗೊತ್ತಿತ್ತಲ್ಲ ನೀರಕ್ಕ."

"ಗೊತ್ತಿತ್ತು."

"ಗೊತ್ತಿದ್ದೂ ದಿನಾ ಹೊತ್ಕೊಂಡು ಹೋದ್ರಿ."

"ಹೋದ್ನಮ್ಮ."

ಬೇರೇನೂ ಹೇಳಲಿಲ್ಲ ನೀರಕ್ಕ. ನಿನ್ನ ಒಳ್ಳೆಯದಕ್ಕೆ ಅಂತಲೂ ಅನ್ನಲಿಲ್ಲ, ನಿಮ್ಮಪ್ಪ ಕೈ ಮುಗಿದ ಅಂತಲೂ ಅನ್ನಲಿಲ್ಲ.

ಹುಡುಗಿ, "ಇನ್ಮೇಲೂ ಹೊರಿ. ನಾನು ಬರೋವರೆಗೆ. ನಾನು ಅಮ್ಮಂಗೆ ಮಾತು ಕಳಿಸ್ತಾನೇ ಇರ್ತೀನಿ. ಯಾರೂ ತೆರೀಬೇಡಿ. ಅಪ್ಪನೂ ತೆರೀಬಾರ್ದು" ಅಂದಳು.

"ಆಯ್ತು" ಅಂದಳು ನೀರಕ್ಕ.

ಹಾಗೇ ಆಯಿತು. ನೀಲಿ ಚೀಲ ಮತ್ತೆ ಬುಟ್ಟಿ ಸೇರಿತು. ದಿನಾ ಮೇಲೆ ಟಿಣ್ ಅನ್ನುತ್ತಿತ್ತು. ಎರಡು ಗೀಟು ಬೀಳುತ್ತಿತ್ತು, ನೀಲಿಯಾಗುತ್ತಿರಲಿಲ್ಲ. ನೀರಕ್ಕ ಅದನ್ನು ಇಳಿಸಿ ತಂದು ಮಿಷನ್ನಿನ ಹಲಗೆ ಮೇಲೆ ಇಟ್ಟು, ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತು ಹೋಗುವಳು. ಕಲ್ಲಣ್ಣ ಒಂದು ಲೋಟ ನೀರು ತಂದಿಡುವನು.

ಮಗು ದಿನ ತುಂಬುವ ಮೊದಲೇ ಹುಟ್ಟಿತು. ಅಂಗೈಯಷ್ಟಿತ್ತಂತೆ. ಬಹಳ ದಿನ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಬೇಗ ಹುಟ್ಟಿದ್ದು ಆ ಸುದ್ದಿಯಿಂದಲೋ, ಹೇಗಿದ್ದರೂ ಹುಟ್ಟುತ್ತಿತ್ತೋ, ನರ್ಸಮ್ಮನೂ ಹೇಳಲಿಲ್ಲ, ಕಲ್ಲಣ್ಣನೂ ಕೇಳಲಿಲ್ಲ. ಆ ದಿನಗಳಲ್ಲಿ ಅವನು ನೀರಕ್ಕನ ಹಿಂದೆಯೇ ಕೂತು ಕೂತು ಗುಡ್ಡ ಹತ್ತುತ್ತಿದ್ದ. ಮಗು ಉಳಿಯಿತು. ಹೆಣ್ಣು ಮಗು. ಹುಡುಗಿ ಅದನ್ನು ಎತ್ತಿಕೊಂಡು ಬಂದಾಗ ಮೊದಲು ಹೋಗಿ ಮಿಷನ್ ಮುಂದೆ ಕೂತು ದಾರದ ಗಂಟು ಬಿಚ್ಚಿದಳು. ಅಪ್ಪನ ಜೊತೆ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. "ಸುಳ್ಳು ಹೇಳಿದ್ದಕ್ಕಲ್ಲ ಸಿಟ್ಟು, ಅಮ್ಮಂಗೆ ಅಂತ ಆಡಿದ ಮಾತು ನೀನು ಕೇಳಿದ್ದಕ್ಕೆ" ಅಂದಳಂತೆ. ಹೋಗುವಾಗ ನೀಲಿ ಚೀಲ ತನ್ನ ಜೊತೆ ತೆಗೆದುಕೊಂಡು ಹೋದಳು. ಮಗುವಿನ ಕೈಯನ್ನು ಅಜ್ಜನ ಮೀಸೆಗೆ ಸಿಕ್ಕಿಸಿ ಬಿಡಿಸಿಕೊಂಡು ಹೋದಳು.

ಈಗ ಗಣಿಯ ಹಿಂದೆ ಟವರ್ ಎದ್ದಿದೆ. ಮನೆಯೊಳಗೇ ಸಿಗ್ನಲ್ ಬರುತ್ತದೆ. ಒಳ್ಳೆಯದೇ ಆಯಿತು. ಕಳೆದ ತಿಂಗಳು ಗಣಿಯಲ್ಲಿ ಒಬ್ಬ ಬಿದ್ದಾಗ ಯಾರೂ ಗುಡ್ಡಕ್ಕೆ ಓಡಬೇಕಾಗಲಿಲ್ಲ. ಅವನು ಬದುಕಿದ್ದಾನೆ. ಟವರ್ ನಾಲ್ಕು ವರ್ಷ ಮುಂಚೆ ಎದ್ದಿದ್ದರೆ ಅಂತ ಕಲ್ಲಣ್ಣ ಒಂದೊಂದು ಸಲ ಅದನ್ನೇ ನೋಡುತ್ತ ನಿಲ್ಲುತ್ತಾನೆ. ಮಾತು ಈಗ ಆಡಿದ ಕೂಡಲೇ ಹೋಗಿಬಿಡುತ್ತದೆ, ಲಾರಿಯವನ ಮನೆಯ ಜಗಳ ಒಂದೇ ರಾತ್ರಿಗೆ ಬೀದಿಗೆ ಬರುತ್ತದೆ. ಬೆಳಿಗ್ಗೆ ನೀರಕ್ಕನ ಜಗುಲಿಯಲ್ಲಿ ಯಾರೂ ಇರುವುದಿಲ್ಲ. ಅವಳ ಗಂಡ ಕೊನೆಗೂ ಫೋನು ತೆಗೆದುಕೊಂಡ, ಅವಳಿಗೂ ಒಂದು ಕೊಡಿಸಿದ. ಕುರ್ಚಿಯಲ್ಲಿ ಕೂತು ಗುಡ್ಡದ ಮೇಲಿರುವ ಹೆಂಡತಿಗೆ ಫೋನು ಮಾಡುತ್ತಾನೆ. ಅವಳು ಎತ್ತುವುದಿಲ್ಲ.

ಅವಳು ಈಗಲೂ ನೀರು ಬಿಡಲು ಹೋಗುತ್ತಾಳೆ. ಬುಟ್ಟಿ ಹೊತ್ತೇ ಹೋಗುತ್ತಾಳೆ. ನನ್ನ ಹಲಗೆಯ ಗೂಡುಗಳಲ್ಲಿ ಈಗ ಬ್ರಷ್ಷು, ಕೋಲಿಗೆ ಗುರುತು ಹಾಕುವ ಸುಣ್ಣ, ಒಂದು ಬಾಟಲಿ ಇವೆ.

ನಿಮ್ಮ ಊರಿನ ಕಡೆಯೂ ಇಂಥ ಗುಡ್ಡ ಇರಬಹುದು, ಇಂಥವಳು ಇರಬಹುದು. ಇದ್ದರೆ ಒಂದು ಸಲ ಹೋಗಿ ನೋಡಿ. ನಮ್ಮ ಕಡೆ ಬಂದರೆ ನಮ್ಮ ನೀರಕ್ಕನನ್ನು ನೋಡಿ. ಬೆಳಿಗ್ಗೆ ನೀರು ಬಿಟ್ಟಿರುವಾಗ ಹೋಗಿ, ಆಗ ಅವಳು ಕೂತಿರುತ್ತಾಳೆ. ಅವಳಾಗಿ ಮಾತಾಡುವುದಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತುಕೊಳ್ಳಿ. ಮನಸ್ಸಿನಲ್ಲಿ ಏನಾದರೂ ಇದ್ದರೆ ಹೇಳಿ. ಇಳಿಯುವಾಗ ಚಕ್ರ ಮುಚ್ಚಲು ಒಂದು ಕೈ ಕೊಡಿ, ಈಚೆಗೆ ಅದು ಬಿಗಿಯಾಗಿದೆ.